ತಿಥಿಗೆ ಮೊದಲು ನೀನು ಒಯ್ದ ರಟ್ಟು

ಅಂಜನ್‌ಕುಮಾರನಿಗೆ,

ಕುಣಿಗಲ್‌ನಿಂದ ಶಿಲ್ಪಾ ಬರೆಯುವುದು.

ನಿನ್ನ ಆಮಂತ್ರಣ ಪತ್ರಿಕೆ ತಲುಪಿತು. ಕಾಗದ ಚೆನ್ನಾಗಿದೆ. ಅಂಚು ಕೈಯಿಂದ ಹರಿದಂತಿದೆ. ಹಾಗೆ ಹರಿಯುವುದನ್ನು ಯಂತ್ರಕ್ಕೆ ಯಾರೋ ಕಲಿಸಿರಬೇಕು. ಮುಖಪುಟದಲ್ಲಿ ಆ ರಟ್ಟಿನ ಫೋಟೋ. ಕೆಳಗೆ ‘ಶೂನ್ಯ’ ಎಂಬ ಹೆಸರು. ಅದರ ಕೆಳಗೆ, ಪರಿಕಲ್ಪನೆ ಎಂಬ ಪದದ ಮುಂದೆ, ನಿನ್ನ ಹೆಸರು. ಇನ್ನೂ ಕೆಳಗೆ, ಕನ್ನಡಕ ತೆಗೆದು ಹತ್ತಿರ ಹಿಡಿದರೆ ಮಾತ್ರ ಕಾಣುವಷ್ಟು ಸಣ್ಣಗೆ: ಇಂಪನಾ, ಮೂರನೇ ತರಗತಿ.

ಜೊತೆಗೆ ನಿನ್ನ ಕಾಗದ. ಅದರಲ್ಲಿ ಎರಡು ಕೋರಿಕೆ. ಉದ್ಘಾಟನೆಯ ದಿನ ಹುಡುಗಿಯನ್ನು ತುಮಕೂರಿಗೆ ಕರೆತಂದು ಅದರ ಪಕ್ಕದಲ್ಲಿ ನಿಲ್ಲಿಸಬೇಕು. ಮತ್ತೆ, ಅಂಥದೇ ಇನ್ನೆರಡು ಖಾಲಿ ರಟ್ಟುಗಳನ್ನು ಅವಳ ಕೈಯಲ್ಲಿ ಮಾಡಿಸಿ ಕಳಿಸಬೇಕು. ಮೂರಾದರೆ ಸರಣಿಯಾಗುತ್ತದೆ, ಗೋಡೆ ತುಂಬುತ್ತದೆ. ಎರಡಕ್ಕೂ ನನ್ನ ಉತ್ತರ ಆಗುವುದಿಲ್ಲ ಎಂದು. ಅಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಗುತ್ತೀಯ. ನೀನು ನಕ್ಕ ಮೇಲೆ ಎದುರಿನವರು ಹೇಳಿದ್ದೆಲ್ಲ ತಮಾಷೆಯಾಗಿಬಿಡುತ್ತದೆ, ಹೇಳಿದವರಿಗೂ. ಕಾಗದದಲ್ಲಾದರೆ ನೀನು ಕೊನೆಯವರೆಗೆ ಸುಮ್ಮನಿರಬೇಕು.

ನಿನ್ನ ಟ್ರಸ್ಟು ನಮ್ಮ ಶಾಲೆಗೆ ಬಂದದ್ದು ಈ ವರ್ಷದ ಆರಂಭದಲ್ಲಿ. ತಿಂಗಳಿಗೊಬ್ಬ ಕಲಾವಿದ ಅಥವಾ ಒಂದು ಪರಂಪರೆ. ಬಣ್ಣದ ಡಬ್ಬಿ, ಕೈಪಿಡಿ, ಕೊನೆಗೊಂದು ಪ್ರದರ್ಶನ. ಹೆಡ್‌ಮಾಸ್ಟರ್ ಪುಟ್ಟರಂಗಯ್ಯನವರಿಗೆ ಕೈಪಿಡಿಯ ಹೊಳೆಯುವ ಹಾಳೆ ನೋಡಿಯೇ ಸಂತೋಷವಾಯಿತು. ಚಿತ್ರಕಲೆಯ ಪೀರಿಯಡ್ಡನ್ನು ಲೆಕ್ಕದವರಿಗೆ ಬಿಟ್ಟುಕೊಡುತ್ತಿದ್ದ ಶಾಲೆ ಅದನ್ನು ನನಗೆ ವಾಪಸು ಕೊಟ್ಟಿತು. ಅದಕ್ಕಾಗಿ ನಿನಗೆ ಕೃತಜ್ಞಳಾಗಿದ್ದೆ. ಇದನ್ನು ಭೂತಕಾಲದಲ್ಲೇ ಬರೆಯುತ್ತಿದ್ದೇನೆ.

ಮೊದಲ ತಿಂಗಳು ಸೂರ್ಯಕಾಂತಿ ಬರೆದ ಕಲಾವಿದ. ಅವನು ತನ್ನ ಕಿವಿಯನ್ನು ತಾನೇ ಕೊಯ್ದುಕೊಂಡ ಕತೆ ಕೈಪಿಡಿಯಲ್ಲಿ ಇರಲಿಲ್ಲ, ಮಕ್ಕಳಿಗೆ ಹೇಗೋ ಗೊತ್ತಾಗಿತ್ತು. ಯಾಕೆ ಕೊಯ್ದುಕೊಂಡ ಎಂದು ಒಬ್ಬಳು ಕೇಳಿದಳು. ‘ಲೆಕ್ಕದ್ ಮೇಷ್ಟ್ರು ದಿನಾ ಹಿಂಡ್ತಿದ್ರೇನೋ ಬುಡೇ, ಇದ್ರೆ ತಾನೆ ಹಿಂಡೋದು ಅಂತ ಕುಯ್ಕಂಡವ್ನೆ’ ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಆಮೇಲಿನ ತಿಂಗಳು ವಾರ್ಲಿ. ಕಡ್ಡಿ ಮನುಷ್ಯರು ಸುತ್ತಲೂ ಕೈ ಹಿಡಿದು ಕುಣಿಯುತ್ತಿದ್ದರು, ನಡುವೆ ಅಮೃತೂರಿನ ಖಾಸಗಿ ಬಸ್ಸು, ಅದರ ಬಾಗಿಲಲ್ಲಿ ನೇತಾಡುವ ಕಡ್ಡಿ ಕಂಡಕ್ಟರು. ಅದನ್ನು ಬರೆದವಳು ಇಂಪನಾ. ಅವಳ ಅಪ್ಪ ಚಂದ್ರು ಆ ದಾರಿಯ ಬಸ್ಸಿನಲ್ಲಿ ಕಂಡಕ್ಟರು. ಬಸ್ಸು ಪರಂಪರೆಗೆ ಸೇರುವುದಿಲ್ಲ ಎಂದು ನೀನು ಆ ಹಾಳೆಯನ್ನು ಪಕ್ಕಕ್ಕಿಟ್ಟೆ. ಆಗ ನಾನು ಏನೂ ಅನ್ನಲಿಲ್ಲ. ಅದು ಅಭಿರುಚಿಯ ಪ್ರಶ್ನೆ. ಅಭಿರುಚಿಗಾಗಿ ನಾವಿಬ್ಬರೂ ಕಾಲೇಜಿನ ಕ್ಯಾಂಟೀನಿನಲ್ಲಿ ಸಾಕಷ್ಟು ಜಗಳ ಆಡಿದ್ದೇವೆ.

ನಂತರ ‘ನಮ್ಮ ಅಂಗಳ’. ದಪ್ಪ ರಟ್ಟಿಗೆ ಕಂದು ಪೋಸ್ಟರ್ ಬಣ್ಣ ಬಳಿದು ಬಿಳಿ ಪೆನ್ನಿನಲ್ಲಿ ರಂಗೋಲಿ ಬರೆಸಬೇಕೆಂದು ನಿನ್ನ ಕೈಪಿಡಿ ಹೇಳುತ್ತಿತ್ತು. ನಾನು ಅದನ್ನು ಬದಲಾಯಿಸಿದೆ. ರಟ್ಟನ್ನು ಮನೆಗೆ ಒಯ್ಯಿರಿ, ಅಂಗಳ ಸಾರಿಸುವವರು ಯಾರೋ ಅವರಿಂದಲೇ ಸೆಗಣಿಯಲ್ಲಿ ಸಾರಿಸಿಕೊಂಡು ಬನ್ನಿ, ರಂಗೋಲಿಯನ್ನು ಇಲ್ಲಿ ಹಾಕೋಣ ಎಂದೆ. ‘ಮಿಸ್, ನಮ್ಮನೇಲಿ ಟೈಲ್ಸು. ಮಮ್ಮಿ ಮಾಪ್ ಹಾಕ್ತಾರೆ ಅಷ್ಟೆ’ ಎಂದ ಒಬ್ಬ. ‘ಹಂಗಾದ್ರೆ ರಟ್ಗೂ ಮಾಪ್ ಹಾಕಿಸ್ಕಂಡ್ ಬಾರ್ಲಾ’ ಎಂದ ಪಕ್ಕದವನು. ಎರಡು ದಿನ ನಮ್ಮ ತರಗತಿ ಕೊಟ್ಟಿಗೆಯ ಹಾಗೆ ನಾರಿತು. ಪುಟ್ಟರಂಗಯ್ಯನವರು ಬಾಗಿಲಲ್ಲೇ ನಿಂತು ಕರ್ಚೀಫಿನ ಒಳಗಿಂದ ಹಾಜರಿ ಕೇಳಿ ಹೋಗುತ್ತಿದ್ದರು.

ಇಂಪನಾಳ ಊರು ಹುತ್ರಿದುರ್ಗದ ಕಡೆ, ಬೆಟ್ಟದ ಬುಡದ ಒಂದು ಹಳ್ಳಿ. ಅವಳ ರಟ್ಟನ್ನು ಸಾರಿಸಿದವರು ಅವಳ ಅಜ್ಜಿ ಚಿಕ್ಕಗಂಗಮ್ಮ. ಸಂಜೆ ಜಗಲಿಯ ಮೇಲಿಟ್ಟು ಸಾರಿಸಿದರು, ಒಣಗಲಿ ಎಂದು ಗೋಡೆಗೆ ಒರಗಿಸಿದರು, ಊಟ ಮಾಡಿ ಮಲಗಿದರು, ಬೆಳಿಗ್ಗೆ ಏಳಲಿಲ್ಲ. ಕಾಯಿಲೆ ಇರಲಿಲ್ಲ. ಹುಡುಗಿ ಕೆಲವು ದಿನ ಬರಲಿಲ್ಲ. ಬಂದ ದಿನ ರಟ್ಟನ್ನು ಟವಲಿನಲ್ಲಿ ಸುತ್ತಿಕೊಂಡು ವ್ಯಾನಿನಿಂದ ಇಳಿದಳು.

ಆ ಹೊತ್ತಿಗೆ ಉಳಿದವರು ನೆನೆಸಿದ ಸೀಮೆಸುಣ್ಣ ಅರೆದುಕೊಂಡು ಚುಕ್ಕಿ ಇಡಲು ಶುರು ಮಾಡಿದ್ದರು. ಇವಳು ರಟ್ಟನ್ನು ಮುಂದಿಟ್ಟುಕೊಂಡು ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿ ಕೂತಿದ್ದಳು. ಏನಮ್ಮ ಎಂದೆ.

‘ನಮ್ಮನೆ ಮುಂದೆ ಈಗ ರಂಗೋಲಿ ಹಾಕಂಗಿಲ್ಲ ಮಿಸ್. ಅಜ್ಜಿ ತಿಥಿ ಆಗ್ಬೇಕು.’

‘ಲೇ, ಇದು ಸ್ಕೂಲು ಕಣೇ. ನಿಮ್ಮನೆ ಅಲ್ಲ’ ಎಂದ ಪಕ್ಕದ ಹುಡುಗ.

‘ಸ್ಕೂಲ್ ನಿಮ್ದಾಗಿರ್ಬೋದು. ರಟ್ಟು ನಮ್ಮನೇದು ಕಣೋ.’

ಇಷ್ಟೇ ನಡೆದದ್ದು. ಸತ್ತ ಮನೆಯ ಬಾಗಿಲಿಗೆ ನೀರು ಹಾಕುತ್ತಾರೆ, ರಂಗೋಲಿ ಹಾಕುವುದಿಲ್ಲ. ತಿಥಿ ಕಳೆದ ಮೇಲೆ ಹಾಕುತ್ತಾರೆ. ಇದು ನಿನಗೂ ಗೊತ್ತು. ನೀನು ಗುಬ್ಬಿಯಲ್ಲಿ ಹುಟ್ಟಿದವನು, ಯಾವುದೋ ದ್ವೀಪದಲ್ಲಲ್ಲ. ಅಜ್ಜಿ ಸಾರಿಸಿದ್ದರಿಂದ ಆ ರಟ್ಟು ಅವಳಿಗೆ ಮನೆಯ ಅಂಗಳದ ಒಂದು ತುಂಡು. ಅಂಗಳಕ್ಕೆ ಇರುವ ಕಟ್ಟಳೆ ತುಂಡಿಗೂ ಇತ್ತು. ಆಯಿತು, ತಿಥಿ ಆದ ಮೇಲೆ ಹಾಕು, ಅಲ್ಲಿಯವರೆಗೆ ನಾನು ಎತ್ತಿಟ್ಟಿರುತ್ತೇನೆ ಎಂದೆ. ‘ಯಾರ್ಗೂ ಕೊಡ್‌ಬೇಡಿ ಮಿಸ್, ಅದ್ರ ಮ್ಯಾಲೆ ನಾನೇ ಹಾಕ್ಬೇಕು’ ಎಂದಳು. ಏನು ಹಾಕುತ್ತೀಯ ಎಂದು ಕೇಳಿದೆ. ಅಜ್ಜಿ ಹಬ್ಬದ ದಿನ ಮಾತ್ರ ಹಾಕುತ್ತಿದ್ದ ಒಂದು ಇದೆಯಂತೆ. ಎಳೆ ಎಲ್ಲಿ ಶುರುವಾಗುತ್ತದೆಂದು ತನಗೊಬ್ಬಳಿಗೇ ಹೇಳಿಕೊಟ್ಟಿದ್ದಾರಂತೆ. ಸ್ಟಾಫ್ ರೂಮಿನ ಬೀರುವಿನ ಮೇಲೆ ಹಳೆಯ ದಿನಪತ್ರಿಕೆ ಹಾಸಿ ರಟ್ಟನ್ನು ಇಟ್ಟೆ.

ಇಡುವ ಮೊದಲು ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಇದನ್ನು ನಿನಗೆ ಹೇಳಬಾರದು, ಆದರೂ ಹೇಳುತ್ತೇನೆ. ಚೆನ್ನಾಗಿತ್ತು. ನಾಲ್ಕು ಬೆರಳು ಬಲದಿಂದ ಎಡಕ್ಕೆ ಬಳುಕಿ ಬಂದು, ಅಂಚಿನಲ್ಲಿ ಒಂದಿಷ್ಟು ತಡೆದು, ಮತ್ತೆ ಹೊರಳಿದ ಗುರುತು. ಕಿರುಬೆರಳಿನ ಗೆರೆ ಮಾತ್ರ ಎಲ್ಲೂ ಪೂರ್ತಿ ಮೂಡಿರಲಿಲ್ಲ. ಒಣ ಹಸಿರು, ನಡುವೆ ಒಂದು ಹುಲ್ಲಿನ ಎಸಳು. ಖಾಲಿ ಬಿಡುವುದನ್ನು ನಾವಿಬ್ಬರೂ ಒಟ್ಟಿಗೆ ಕಲಿತವರು, ಅಂಜನ್. ತುಂಬಿಸಿದ್ದೆಲ್ಲ ಸುಳ್ಳು ಎಂದು ನಂಬಿದ್ದ ವಯಸ್ಸು ನಮಗಿತ್ತು. ನನಗೆ ಆ ನಂಬಿಕೆ ಇನ್ನೂ ಪೂರ್ತಿ ಹೋಗಿಲ್ಲ. ನೀನು ಏನನ್ನು ನೋಡಿದೆಯೋ ಅದನ್ನೇ ನಾನೂ ನೋಡಿದೆ. ನಾನು ನೋಡಿ, ಮೇಲೆ ಇನ್ನೊಂದು ಪತ್ರಿಕೆ ಮುಚ್ಚಿದೆ. ನಮ್ಮಿಬ್ಬರ ನಡುವೆ ಇರುವ ವ್ಯತ್ಯಾಸ ಆ ಪತ್ರಿಕೆಯಷ್ಟು ದಪ್ಪ.

ನೀನು ಬಂದ ಶನಿವಾರ ನಾನು ತರಬೇತಿಗೆಂದು ತುಮಕೂರಿನಲ್ಲಿದ್ದೆ. ಮಕ್ಕಳ ಕಮಲ, ನಕ್ಷತ್ರ, ನವಿಲುಗಳನ್ನು ನೀನು ಬೇಗಬೇಗ ಮಗುಚಿದೆಯಂತೆ. ಇನ್ನೇನಾದರೂ ಇದೆಯೇ ಎಂದೆಯಂತೆ. ಪುಟ್ಟರಂಗಯ್ಯನವರು, ಪಾಪ, ಅತಿಥಿಯನ್ನು ಬರಿಗೈಯಲ್ಲಿ ಕಳಿಸಬಾರದೆಂದು ಬೀರುವಿನ ಮೇಲೆ ಕೈಯಾಡಿಸಿದರು. ಸಂಜೆ ನೀನು ಫೋನ್ ಮಾಡಿದಾಗ ನಾನು ಬಸ್‌ಸ್ಟ್ಯಾಂಡಿನಲ್ಲಿದ್ದೆ.

‘ಶಿಲ್ಪಾ, ಮೂರನೇ ಕ್ಲಾಸ್ ಹುಡ್ಗಿ ಏನ್ ಮಾಡವ್ಳೆ ನೋಡಿದೀಯೇನೇ? ರಂಗೋಲಿ ಬರಿ ಅಂದ್ರೆ ಬರೀದೇ ಕೊಟ್ಟವ್ಳೆ! ನಾವು ಇಪ್ಪತ್ತೈದು ವರ್ಷ ಒದ್ದಾಡಿದ್ದು ಅದೇ ಅಲ್ವೇನೇ?’

ಆಗ ನಾನು ಹೇಳಿದೆ. ಗಲಾಟೆಯ ನಡುವೆಯೂ ಬಿಡಿಸಿ ಹೇಳಿದೆ. ಅದು ಮುಗಿದ ಚಿತ್ರವಲ್ಲ, ಅಜ್ಜಿ ತೀರಿಕೊಂಡಿದ್ದಾರೆ, ಮನೆಯಲ್ಲಿ ಸೂತಕ, ತಿಥಿ ಆದ ಮೇಲೆ ಅವಳು ಅದರ ಮೇಲೆ ಬರೆಯಬೇಕು, ಸೋಮವಾರ ವಾಪಸು ಕಳಿಸು. ನೀನು ಕೇಳಿಸಿಕೊಂಡೆ. ಆಮೇಲೆ ನಕ್ಕೆ.

‘ಅಯ್ಯೋ, ಇನ್ನೂ ಪವರ್‌ಫುಲ್ ಆಯ್ತು ಕಣೇ! ಈ ಕತೆ ಯಾರ್ಗೂ ಹೇಳ್ಬೇಡ. ನಾನೇ ಓಪನಿಂಗ್‌ನಲ್ಲಿ ಹೇಳ್ತೀನಿ.’

ಸೋಮವಾರ ರಟ್ಟು ಬರಲಿಲ್ಲ. ನಿನ್ನ ಫೋನ್ ಎತ್ತಿದವನು ಸಾರ್ ಮೀಟಿಂಗಿನಲ್ಲಿದ್ದಾರೆ ಎಂದ. ನೀನು ತಿಳಿಯದೆ ಮಾಡಿದ್ದರೆ ಈ ಕಾಗದ ಬೇರೆ ಥರ ಇರುತ್ತಿತ್ತು. ತಿಳಿಯದವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ, ಬೇಸರ ಬರುತ್ತದೆ. ನಿನ್ನ ಮೇಲೆ ಬೇಸರ ಇಲ್ಲ.

ತಿಥಿಗೆ ಎರಡು ದಿನ ಇರುವಾಗ ಇಂಪನಾ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ಕಣ್ಣು ಬೀರುವಿನ ಮೇಲಿತ್ತು. ರಟ್ಟು ತುಮಕೂರಿಗೆ ಹೋಗಿದೆ, ನಾನು ತರುತ್ತೇನೆ ಎಂದೆ. ‘ನೀವು ಕೊಡಲ್ಲ ಅಂದಿದ್ರಲ್ಲ ಮಿಸ್’ ಎಂದಳು. ಕೊಟ್ಟವಳು ನಾನಲ್ಲ ಎಂದು ಅವಳಿಗೆ ವಿವರಿಸಬಹುದಿತ್ತು. ಎಂಟು ವರ್ಷದ ಹುಡುಗಿಯ ಮುಂದೆ ಹೆಡ್‌ಮಾಸ್ಟರನ್ನೂ ಟ್ರಸ್ಟನ್ನೂ ತಂದು ನಿಲ್ಲಿಸಲು ಮನಸ್ಸಾಗಲಿಲ್ಲ. ಆ ಸಂಜೆಯೇ ಚಂದ್ರು ಪಾಳಿ ಬದಲಾಯಿಸಿಕೊಂಡ. ಮೂವರೂ ತುಮಕೂರಿನ ಬಸ್ಸು ಹತ್ತಿದೆವು.

ಆಮೇಲಿನದು ನಿನಗೂ ಗೊತ್ತಿದೆ. ಆದರೆ ಅದನ್ನು ನೀನು ಕಾಗದದಲ್ಲಿ ಬರೆದಿರುವ ರೀತಿ ಬೇರೆ. ‘ಮಗು ತನ್ನ ಕೃತಿಯನ್ನು ನನಗೆ ಕಾಣಿಕೆಯಾಗಿ ಕೊಟ್ಟಿತು’ ಎಂದು ಬರೆದಿದ್ದೀಯ. ಹಾಗಾಗಿ ನಾನು ನೋಡಿದ್ದನ್ನು ಬರೆಯಬೇಕಾಗಿದೆ.

ನಿನ್ನ ಪ್ರದರ್ಶನದ ಹಾಲ್‌ನಲ್ಲಿ ಆರೇಳು ಜನ ಇದ್ದರು, ದೀಪ ಜೋಡಿಸುತ್ತಿದ್ದರು. ರಟ್ಟು ಎದುರಿನ ಗೋಡೆಯಲ್ಲಿ ಒಂಟಿಯಾಗಿತ್ತು. ಬಾಗಿಲಿನಿಂದಲೇ ನನಗೆ ತಿಳಿಯಿತು. ಒಣ ಹಸಿರು ಹೋಗಿ ಡಿಕಾಕ್ಷನ್ನಿನ ಬಣ್ಣ ಬಂದಿತ್ತು. ಮೇಲೆ ದೀಪ ಹೊಳೆಯುತ್ತಿತ್ತು. ನೀನು ವಾರ್ನಿಷ್ ಹೊಡೆಸಿದ್ದೆ. ಉದುರಬಾರದು ಎಂದು, ಅಲ್ಲವೇ? ಕಾಪಾಡುವುದಕ್ಕೆ. ಒಂದು ಸಲ ಅಲ್ಲ, ಎರಡು ಮೂರು ಕೈ.

ಹುಡುಗಿ ಹತ್ತಿರ ಹೋಗಿ ಮೂಗು ಇಟ್ಟಳು. ಆಮೇಲೆ ತೋರುಬೆರಳನ್ನು ಎಂಜಲು ಮಾಡಿಕೊಂಡು ಒಂದು ಮೂಲೆಯಲ್ಲಿ ಗೆರೆ ಎಳೆದಳು. ನಿನ್ನ ಸಹಾಯಕ ‘ಮುಟ್‌ಬೇಡ ಪಾಪು’ ಎಂದು ಓಡಿಬಂದ. ಗೆರೆ ನಿಲ್ಲಲಿಲ್ಲ, ಹನಿಹನಿಯಾಗಿ ಜಾರಿತು. ‘ಇದು ಹಿಡ್ಯಲ್ಲ ಮಿಸ್’ ಎಂದಳು ನನಗೆ. ಸೀಮೆಸುಣ್ಣ ಹಿಡಿಯುವುದಿಲ್ಲ ಎಂದು. ನೀನು ಅದನ್ನು ಕೇಳಿಸಿಕೊಳ್ಳಲಿಲ್ಲ. ನೀನು ಚಂದ್ರುವಿನ ಹೆಗಲ ಮೇಲೆ ಕೈ ಹಾಕಿದ್ದೆ.

‘ನಿಮ್ ಮಗ್ಳು ಜೀನಿಯಸ್ ಕಣ್ರೀ.’

ಚಂದ್ರುವಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ‘ಏನೋ ಸಾ, ನಿಮ್ಮಂತೋರು ಅಂತೀರಿ’ ಎಂದ.

‘ನಾನೇನೂ ಮಾಡಿಲ್ಲ ಅಂಕಲ್. ಅಜ್ಜಿ ಸಾರ್ಸಿದ್ದು ಅಷ್ಟೆ. ನಾನಿನ್ನೂ ಮಾಡೇ ಇಲ್ಲ’ ಎಂದಳು ಇಂಪನಾ.

ನೀನು ಎರಡೂ ಕೈ ಎತ್ತಿ ದೀಪದವರ ಕಡೆ ತಿರುಗಿದೆ. ‘ಕೇಳಿದ್ರಾ? ಕೇಳಿದ್ರಾ? ನಾನೇನೂ ಮಾಡಿಲ್ಲ! ಇದನ್ನ ಹೇಳಕ್ಕೆ ದೊಡ್ಡದೊಡ್ಡೋರ್ಗೆ ಒಂದು ಜನ್ಮ ಬೇಕಾಗುತ್ತೆ.’ ಏಣಿಯ ಮೇಲಿದ್ದವನೂ ಚಪ್ಪಾಳೆ ತಟ್ಟಿದ. ಹುಡುಗಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅವಳು ಹೆದರಲಿಲ್ಲ, ನಾಚಲೂ ಇಲ್ಲ. ಭಾಷೆ ಬಾರದ ಊರಿನಲ್ಲಿ ಬಸ್ಸಿಳಿದವರು ಬೋರ್ಡುಗಳನ್ನು ನೋಡುವ ಹಾಗೆ ನೋಡಿದಳು.

ನಾನು ಅದನ್ನು ಗೋಡೆಯಿಂದ ಇಳಿಸಿ ಕೊಡು ಎಂದೆ. ಪ್ರದರ್ಶನ ಮುಗಿದ ಮೇಲೆ ಫ್ರೇಮ್ ಸಮೇತ ಕೊಡುತ್ತೇನೆ ಎಂದೆ ನೀನು. ಆಗ ಅವಳೇ ಹೇಳಿದ್ದು: ‘ಬ್ಯಾಡ ಬುಡಿ ಅಂಕಲ್. ನೀವೇ ಇಟ್ಕಳಿ.’ ಹಾಲು ಒಡೆದರೆ ಹೊರಗೆ ಚೆಲ್ಲುತ್ತೇವಲ್ಲ, ಆಗ ಇನ್ನೊಬ್ಬರಿಗೆ ಕೊಟ್ಟಂತೆ ಆಗುವುದಿಲ್ಲ. ಅವಳು ಕೊಡಲಿಲ್ಲ. ಅದು ಕೆಟ್ಟಿತು, ಅಷ್ಟೆ. ನೀನು ಬಗ್ಗಿ ಅವಳ ತಲೆ ಸವರಿದೆ, ಕಣ್ಣಲ್ಲಿ ನೀರು ತಂದುಕೊಂಡೆ. ನಿಜವಾದ ನೀರು ಎಂದೇ ಒಪ್ಪುತ್ತೇನೆ. ಒಂದು ಬಣ್ಣದ ಡಬ್ಬಿ ಕೊಟ್ಟೆ. ಅವಳು ಅದನ್ನು ತೆಗೆದುಕೊಂಡಳು, ಮಕ್ಕಳು ತೆಗೆದುಕೊಳ್ಳುತ್ತಾರೆ.

ವಾಪಸು ಬರುವಾಗ ಕಿಟಕಿಯ ಪಕ್ಕ ಕೂತಿದ್ದಳು. ಬಹಳ ದೂರ ಬಂದ ಮೇಲೆ ಅಪ್ಪನನ್ನು ಕೇಳಿದಳು, ‘ಅಪ್ಪಾ, ಅಜ್ಜಿ ಸಾರ್ಸಿದ್ದು ಇನ್ನೆಲ್ಲಾದ್ರೂ ಐತಾ?’ ಚಂದ್ರು ಯೋಚಿಸಿದ. ಅಂಗಳವನ್ನು ಸಾವಿನ ದಿನವೇ ತೊಳೆದಿದ್ದರು, ಆಮೇಲೆ ದಿನಾ ನೀರು ಬಿದ್ದಿತ್ತು. ಜಗಲಿಯನ್ನು ಅವನ ಹೆಂಡತಿ ಸಾರಿಸಿ ಆಗಿತ್ತು. ‘ಇಲ್ಲ ಕಣವ್ವ’ ಎಂದ. ನಿನ್ನ ಗೋಡೆಯ ಮೇಲೆ ಇರುವುದು ಏನು ಎಂದು ನಿನಗೆ ತಿಳಿಯಲಿ ಎಂದು ಇದನ್ನು ಬರೆದೆ.

ನಾವು ಓದುತ್ತಿದ್ದಾಗ ನೀನು ಹೀಗಿರಲಿಲ್ಲ ಎಂದು ಬರೆಯುವುದು ಸುಲಭ. ನೀನು ಹೀಗೇ ಇದ್ದೆ. ಪ್ರವಾಸ ಹೋದಲ್ಲೆಲ್ಲ ಬೇರೆಯವರ ಸ್ಕೆಚ್ ಪುಸ್ತಕದಲ್ಲಿ ಚೆನ್ನಾಗಿ ಬಂದ ಪುಟವನ್ನು ಮೊದಲು ಕಂಡುಹಿಡಿಯುತ್ತಿದ್ದವನು ನೀನೇ. ನಾವು ಅದನ್ನು ಒಳ್ಳೆಯ ಕಣ್ಣು ಎನ್ನುತ್ತಿದ್ದೆವು. ಈಗಲೂ ನಿನ್ನದು ಒಳ್ಳೆಯ ಕಣ್ಣೇ. ಅದಕ್ಕೆ ರೆಪ್ಪೆ ಇಲ್ಲ.

ಇನ್ನು ನಿನ್ನ ಕೋರಿಕೆ. ಅಂಥ ಇನ್ನೆರಡು ಬೇಕು ಎಂದಿದ್ದೀಯ. ಒಂದು ರಟ್ಟು ಹಾಗೆ ಖಾಲಿ ಉಳಿಯಬೇಕಾದರೆ ಆ ಮನೆಯಲ್ಲಿ ಒಬ್ಬರು ಸಾಯಬೇಕು. ಈಗ ಅಲ್ಲಿ ಉಳಿದಿರುವವರು ಚಂದ್ರು, ಅವನ ಹೆಂಡತಿ, ಈ ಹುಡುಗಿ. ನಿನ್ನ ಸರಣಿಗೆ ಯಾರು ಆಗಬಹುದು, ನೀನೇ ಬರೆದು ಕಳಿಸು. ಬರೆಯಲು ಆಗದಿದ್ದರೆ ಒಂದಕ್ಕೇ ತೃಪ್ತಿಪಡು.

ಉದ್ಘಾಟನೆಗೆ ಅವಳು ಬರುವುದಿಲ್ಲ. ನಾನೂ ಬರುವುದಿಲ್ಲ. ಅವಳ ಹೆಸರನ್ನು ಪತ್ರಿಕೆಯಿಂದಲೂ ಗೋಡೆಯಿಂದಲೂ ತೆಗೆಸು. ಅಷ್ಟು ಸಣ್ಣ ಅಕ್ಷರ, ಜಾಗ ಖಾಲಿಯಾದದ್ದು ಯಾರಿಗೂ ತಿಳಿಯುವುದಿಲ್ಲ. ಅಜ್ಜಿಯ ಕತೆಯನ್ನು ಅಲ್ಲಿ ಹೇಳಬೇಡ. ಹೇಳಿದೆ ಎಂದು ಕಿವಿಗೆ ಬಿದ್ದರೆ, ನಾನು ಫೋನಿನಲ್ಲಿ ಏನು ಹೇಳಿದ್ದೆ, ನೀನು ಏನು ಹೇಳಿ ನಕ್ಕೆ ಎಂಬುದನ್ನು ಅಲ್ಲೇ ಬಂದು ನಿನ್ನ ಜನರ ಮುಂದೆ ಹೇಳುತ್ತೇನೆ. ನಿನ್ನ ಕೈಪಿಡಿಗಳನ್ನು ಪುಟ್ಟರಂಗಯ್ಯನವರಿಗೆ ಒಪ್ಪಿಸಿದ್ದೇನೆ. ಚಿತ್ರಕಲೆಯ ಪೀರಿಯಡ್ಡು ಮತ್ತೆ ಲೆಕ್ಕದವರಿಗೆ ಹೋಗುತ್ತದೆ ಎಂದಿದ್ದಾರೆ. ಹೋಗಲಿ. ಮರದ ಕೆಳಗೆ, ಊಟದ ಬಿಡುವಿನಲ್ಲಿ, ಬರುವವರು ಬರುತ್ತಾರೆ.

ಕೊನೆಯದಾಗಿ ಒಂದು ವಿಷಯ. ತಿಥಿ ಮುಗಿದ ಮಾರನೆಯ ಬೆಳಿಗ್ಗೆ ನಾನು ಅವರ ಊರಿಗೆ ಹೋಗಿದ್ದೆ. ಇಂಪನಾ ಅಂಗಳವನ್ನು ತಾನೇ ಸಾರಿಸುತ್ತೇನೆಂದು ಹಟ ಹಿಡಿದಿದ್ದಳಂತೆ. ಅವಳ ಕೈಗೆ ಸೆಗಣಿ ಸಮನಾಗಿ ಬರುವುದಿಲ್ಲ, ಉಂಡೆಉಂಡೆ ಉಳಿದಿತ್ತು. ತಾಯಿ ಬಾಗಿಲಲ್ಲಿ ನಿಂತು ‘ಒತ್ತೇ, ಇನ್ನೊಸಿ ಒತ್ತೇ’ ಎನ್ನುತ್ತಿದ್ದಳು. ಒಣಗುವವರೆಗೆ ಎಲ್ಲರೂ ಕಾದೆವು. ಆಮೇಲೆ ಅವಳು ಬಟ್ಟಲು ಹಿಡಿದು ಕೂತಳು. ಒಂದು ಕಡೆ ಎಳೆ ಮರೆಯಿತು, ಕೈ ಗಾಳಿಯಲ್ಲೇ ನಿಂತಿತು. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಾರೂ ಸಹಾಯ ಮಾಡುವಂತಿರಲಿಲ್ಲ. ಅವಳೇ ನೆನಪು ಮಾಡಿಕೊಂಡು ಮುಂದುವರಿದಳು. ಮುಗಿಸಿದಳು.

ಅದು ಹೇಗಿತ್ತು ಎಂದು ನಿನಗೆ ಹೇಳುವುದಿಲ್ಲ. ಚುಕ್ಕಿ ಎಷ್ಟು, ಎಳೆ ಎಲ್ಲಿಂದ ಶುರು, ನಡುವೆ ಏನು, ಒಂದನ್ನೂ ಹೇಳುವುದಿಲ್ಲ. ಫೋಟೋ ತೆಗೆಯಲಿಲ್ಲ. ಚಂದ್ರು ಮೊಬೈಲ್ ಎತ್ತಿದ್ದ, ಹುಡುಗಿ ಬೇಡ ಎಂದಳು. ಹತ್ತು ಗಂಟೆಗೆ ಕರು ಅದರ ಮೇಲೆ ನಡೆದುಹೋಯಿತು. ಅವಳು ಕರುವನ್ನು ಬೈಯಲಿಲ್ಲ. ನೀನು ಈ ಜೀವಮಾನದಲ್ಲಿ ನೋಡಲಾಗದ ಒಂದು ಚಿತ್ರ ಇದೆ, ಅಂಜನ್. ಅದನ್ನು ನಿನಗೆ ತಿಳಿಸಿ ಮಲಗಬೇಕೆಂದೇ ಇಷ್ಟು ಬರೆದೆ.

ನಿನ್ನ ಪ್ರದರ್ಶನಕ್ಕೆ ಜನ ಬರಲಿ. ನಿನ್ನ ತಾಯಿಗೆ ಆಯುಸ್ಸಿರಲಿ. ಗುಬ್ಬಿಯ ಮನೆಯಲ್ಲಿ ಅವರ ಕೈಯ ಒಬ್ಬಟ್ಟು ಉಂಡವಳು ನಾನು, ಇದನ್ನು ಮನಸ್ಸಿನಿಂದಲೇ ಹೇಳುತ್ತಿದ್ದೇನೆ. ನಿಮ್ಮ ಬಾಗಿಲ ಮುಂದೆ ರಂಗೋಲಿ ಇಲ್ಲದ ಬೆಳಗು ತಡವಾಗಿ ಬರಲಿ. ಬಂದ ದಿನ, ದಾರಿಯಲ್ಲಿ ಹೋಗುವ ಯಾರೂ ನಿಂತು ಚೆನ್ನಾಗಿದೆ ಎನ್ನದಿರಲಿ.

ಇನ್ನು ನಿನಗೆ ಬರೆಯದಿರುವ,
ಶಿಲ್ಪಾ